ಮೂರನೆಯ ಗಡಿಗೆ

ಶಹಾಬಾದಿನ ನಮ್ಮ ಓಣಿಯ ದರ್ಜಿ ದೊಡ್ಡ ಪಂಜರದಲ್ಲಿ ಲವ್‌ಬರ್ಡ್ಸ್ ಸಾಕಿದ್ದರು. ಮೊಟ್ಟೆಯಿಡಲೆಂದು ಪಕ್ಕಕ್ಕೆ ತೂತು ಕೊರೆದ ಎರಡು ಗಡಿಗೆ ಕಟ್ಟಿದ್ದರು. ಮಧ್ಯಾಹ್ನ ಕಲ್ಲುಗಣಿಯಲ್ಲಿ ಸಿಡಿಮದ್ದು ಹಾರಿಸುವ ಮುನ್ನ ಸೈರನ್ ಕೂಗಿದೊಡನೆ ಹೊಲಿಗೆ ನಿಲ್ಲಿಸಿ, ಪಂಜರದೊಳಗೆ ಕೈ ಹಾಕಿ, ಎರಡೂ ತೂತುಗಳಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಬಟ್ಟೆ ತುರುಕಿದರೆ ಹಕ್ಕಿಗಳು ಕಿತ್ತೊಗೆಯುತ್ತಿದ್ದವು. ಹಿಂದೊಮ್ಮೆ ಸಿಡಿಮದ್ದಿನ ಸದ್ದಿಗೆ ಬೆದರಿದ ತಾಯಿಹಕ್ಕಿ, ಹೊರಗೆ ಹಾರುವ ಭರದಲ್ಲಿ ಮರಿಗಳನ್ನು ತುಳಿದು ಕೊಂದಿತ್ತು.

"ಗಡಬಡ ಬ್ಯಾಡ" ಎಂದು ಹಕ್ಕಿಗಳಿಗೂ ಗಿರಾಕಿಗಳಿಗೂ ಒಂದೇ ದನಿಯಲ್ಲಿ ಹೇಳುತ್ತಿದ್ದರು.

ಸಂಸಾರ ಬೆಳೆದು ಮೂರನೆಯ ಗಡಿಗೆ ಬಂತು. ನಾನು ಅಂಗಿಯ ಅಳತೆ ಕೊಡಲು ಹೋದಾಗಲೇ ಸೈರನ್ ಕೂಗಿತು.

"ಅದೊಂದು ನೀವ್ ಹಿಡೀರಿ ಸರ್. ಒಳಗ ಇನ್ನಾ ಕಣ್ಣ ಬಿಡದ ಮರಿ ಅವ."

ಪಂಜರದ ಪಕ್ಕದ ಬಾಗಿಲಿಂದ ಬಲಗೈ ತೂರಿಸಿ ತೂತಿಗೆ ಅಂಗೈ ಒತ್ತಿದೆ. ಒಳಗಿನ ತಾಯಿ ಕಚ್ಚಿತು. ಕಾದೆವು. ಸದ್ದು ಬರಲಿಲ್ಲ. ಅದೇ ಗಾಯವನ್ನು ಮತ್ತೆ ಕಚ್ಚಿತು. ರಕ್ತ ಮಣಿಕಟ್ಟಿಗೆ ಇಳಿಯಿತು.

"ಇವತ್ತ ಹಾರ್ಸಲ್ಲ ಕಾಣ್ತದ," ಎಂದೆ.

"ಗಡಬಡ ಬ್ಯಾಡ್ರಿ. ನನಗೂ ಕಚ್ಚಲಿಕತ್ತಾವ."

ಕೈ ಸಡಿಲಿಸಬೇಕು ಎಂದುಕೊಳ್ಳುವಷ್ಟರಲ್ಲಿ ನೆಲ ನಡುಗಿತು. ಹಕ್ಕಿ ಇಡೀ ಮೈಯಿಂದ ನನ್ನ ಅಂಗೈಗೆ ಬಡಿಯಿತು, ಮತ್ತೊಮ್ಮೆ ಬಡಿಯಿತು, ಆಮೇಲೆ ಸುಮ್ಮನಾಯಿತು. ನಿಧಾನವಾಗಿ ಕೈ ತೆಗೆದೆ. ಒಳಗೆ ಮರಿಗಳು ಸಣ್ಣಗೆ ಚಿಂವ್‌ಗುಟ್ಟುತ್ತಿದ್ದವು.

ದರ್ಜಿ ಗಾಯಕ್ಕೆ ಅರಿಶಿನ ಒತ್ತಿ, ನನ್ನದೇ ಅಂಗಿ ಬಟ್ಟೆಯ ಅಂಚು ಕತ್ತರಿಸಿ ಕಟ್ಟಿದರು.

ಹೊಲಿದ ಅಂಗಿ ಒಯ್ಯಲು ಹೋದ ದಿನ ಪಂಜರದಲ್ಲಿ ನಾಲ್ಕನೆಯ ಗಡಿಗೆ ತೂಗುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

"ನಿಮ್ಮ ಎಡಗೈ ಖಾಲೀನೇ ಅದ ಅಲ್ರಿ," ಎಂದರು.