ತಿದ್ದಿ ಕಳಿಸಿದ ಕಾಗದ

ಹೋದ ಭಾನುವಾರ ಕೊಂಡಾಪುರದ ನಮ್ಮ ಫ್ಲಾಟಿನಲ್ಲಿ ಮಗಳ ಕನ್ನಡದ ವಹಿ ತಿದ್ದಲು ಕೆಂಪು ಪೆನ್ಸಿಲ್ ಹೆರೆಯುತ್ತಿದ್ದೆ. ಆ ಕಟ್ಟಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಇದೇ ಊರಿನ ಇನ್ನೊಂದು ತುದಿಯ ಜೀಡಿಮೆಟ್ಲಾದ ಬಾಡಿಗೆಯ ಒಂದೇ ಕೋಣೆ ಕಣ್ಣ ಮುಂದೆ ಬಂತು. ಕಾರ್ಖಾನೆಗಳ ಘಾಟು ಒಳಗೆ ಬಾರದಿರಲೆಂದು ಸದಾ ಮುಚ್ಚಿದ ಕಿಟಕಿ, ಅವ್ವ ರೊಟ್ಟಿ ಬಡಿಯುವ ಸದ್ದು, ಚಾಪೆಯ ಮೇಲೆ ಬನಿಯನ್ನಿನಲ್ಲಿ ಕೂತ ಅಪ್ಪ. ಔಷಧಿ ಡಬ್ಬಿಗಳಿಗೆ ಚೀಟಿ ಅಂಟಿಸುವುದು ಅವನ ಕೆಲಸ. ಮನಸ್ಸು ಮಾತ್ರ ಕನ್ನಡ ಮಾಸ್ತರನದು. ಶಾಲೆಯಲ್ಲಿ ತೆಲುಗು, ಓಣಿಯಲ್ಲಿ ಹಿಂದಿ, ಹೀಗಾದರೆ ಮಗಳ ಕನ್ನಡ ಮಣ್ಣುಪಾಲಾದೀತೆಂದು ಅವನ ಚಿಂತೆ. ಅದಕ್ಕೇ ಪ್ರತಿ ಭಾನುವಾರ, ಕಲಬುರಗಿ ಕಡೆಯ ಹಳ್ಳಿಯಲ್ಲಿದ್ದ ಅವನ ತಾಯಿಗೆ, ನಮ್ಮ ಆಯಿಗೆ, ನಾನು ಕಾಗದ ಬರೆಯಬೇಕು. ಮೊದಲು ಕಚ್ಚಾ, ಅಪ್ಪ ತಿದ್ದಿದ ಮೇಲೆ ಪಕ್ಕಾ. ನಾನು ಮಾತಾಡಿದಂತೆ ಬರೆಯುವವಳು, ಅವನು ಪುಸ್ತಕದಂತೆ ತಿದ್ದುವವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಅವ್ವ ನಗುತ್ತಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ಅವ್ವನೂ ಗುಳಿಗೆ ಪ್ಯಾಕಿಂಗಿಗೆ ಹೋಗತೊಡಗಿದಳು. ಶಾಲೆ ಬಿಟ್ಟು ಬಂದ ನನ್ನನ್ನು ಪಕ್ಕದ ಮನೆಯವರು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕುತ್ತಿದ್ದರು. ಅವ್ವ ಬರುವವರೆಗೆ ಬಾಗಿಲ ಸಂದಿಗೆ ಮೂಗು ಹಚ್ಚಿ ಕೂತಿರುತ್ತಿದ್ದೆ. ಆ ಭಾನುವಾರ ಬರೆದೆ: “ಆಯಿ, ನನ್ನ ಒಳಗ ಬಿಟ್ಟು ಕೀಲಿ ಹಾಕತಾರ. ನನಗ ಭಾಳ ಅಂಜಿಕಿ ಬರತೈತಿ. ನೀ ಲಗೂನ ಬಾ.”

ಅಪ್ಪನ ಪೆನ್ಸಿಲ್ ಮೂರೂ ಸಾಲಿನ ಮೇಲೆ ಓಡಿತು. “ಹಿರಿಯಾರಿಗಿ ಹಿಂಗ ಮಾತಾಡಿದಂಗ ಬರೀಬಾರದವ್ವಾ. ಕಾಗದಕ್ಕ ಒಂದು ರೀತಿ ಐತಿ,” ಎಂದು ತಲೆ ನೇವರಿಸಿ ಹೇಳಿಕೊಟ್ಟ. ಅವನು ಓದಲಿಲ್ಲವೆಂದಲ್ಲ, ತಪ್ಪುಗಳನ್ನಷ್ಟೇ ಓದಿದ. ಪಕ್ಕಾ ಹಾಳೆಯಲ್ಲಿ ನಾನು ದುಂಡಗೆ ಬರೆದೆ: “ನಾವೆಲ್ಲರೂ ಕ್ಷೇಮ. ತಾವು ಬಿಡುವಾದಾಗ ಬಂದು ಹೋಗಬೇಕಾಗಿ ವಿನಂತಿ.”

ಟಪಾಲು ಡಬ್ಬಿಯ ಮುಂದೆ ಎರಡೂ ಹಾಳೆ ನನ್ನ ಕೈಯಲ್ಲಿದ್ದವು. ಕಚ್ಚಾದನ್ನೇ ಲಕೋಟೆಗೆ ಹಾಕಬಹುದಿತ್ತು. ಅಷ್ಟೊಂದು ಕೆಂಪು ಗೀಟುಗಳನ್ನು ಆಯಿ ನೋಡಿದರೆ ನಾಚಿಕೆ ಎನ್ನಿಸಿ ಪಕ್ಕಾದನ್ನು ಹಾಕಿದೆ. ಆಯಿಯ ಉತ್ತರ ಬಂತು, ಎಂದಿನಂತೆ ಮಾತಾಡಿದ ಹಾಗೆಯೇ: “ಕೂಸಿನ ಅಕ್ಷರ ಮುತ್ತಿನಂಗ ಅದಾವ. ಎಲ್ಲಾರೂ ಆರಾಮ ಅದೀರಿ ಅಂದ ಮ್ಯಾಗ ನನಗ ಚಿಂತಿಲ್ಲ. ಜ್ವಾಳದ ರಾಶಿ ಮುಗಿಸಿ ಬರತೀನಿ.” ರಾಶಿ ಮುಗಿಯುವ ಮೊದಲೇ ಆಯಿ ತೀರಿಕೊಂಡಳು.

ಅಪ್ಪನೂ ಈಗಿಲ್ಲ. ಆ ಕೋಣೆಯಿದ್ದ ಜಾಗದಲ್ಲಿ ಗೋದಾಮು ಎದ್ದಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಬರೆಯುತ್ತಿರುವ ಕನ್ನಡ ಅವನು ಕೊಟ್ಟದ್ದೇ. ಆದರೆ ಆ ಕಚ್ಚಾ ಹಾಳೆಯನ್ನು ಹರಿದೆನೋ, ಎಲ್ಲಿ ಒಗೆದೆನೋ, ಎಷ್ಟು ನೆನೆದರೂ ನೆನಪಾಗುವುದಿಲ್ಲ. ಕಳಿಸಬೇಕಾಗಿದ್ದ, ಕಳಿಸದೆ ಉಳಿದ ಇಂಥ ಕಾಗದ ನಿಮ್ಮದೂ ಒಂದು ಇದ್ದೀತು.

ಇಷ್ಟೆಲ್ಲ ನೆನೆಯುತ್ತಲೇ ನನ್ನ ಕೈ ಮಗಳ ವಹಿಯಲ್ಲಿ ಆರು ಕಡೆ ಕೆಂಪು ಸುತ್ತು ಹಾಕಿತ್ತು. ಪೆನ್ಸಿಲ್ ಕೆಳಗಿಟ್ಟು ಮೊದಲಿಂದ ನೋಡಿದೆ. “ಮೀಟಿಂಗ್ ಇದ್ದಾಗ ಅಮ್ಮ ಬಾಗಲಾ ಹಾಕ್ಕೋತಾಳ. ನಾ ಹೊರಗ ಕುಂತು ಕಾಯತೀನಿ.”

“ಎಷ್ಟ ತಪ್ಪ ಅದಾವ, ಅಮ್ಮಾ?” ಎಂದಳು ಮಗಳು.

“ತಡಿ ತಾಯಿ,” ಎಂದೆ. “ನಾ ಈಗ ಓದಾಕತ್ತೀನಿ.”