ವಿದೇಶಿ ಆರ್ಕೆಸ್ಟ್ರಾದಲ್ಲಿ ನಮ್ಮಪ್ಪನ ಗಟ್ಟಿಮೇಳ

ನಮ್ಮಪ್ಪ ಹೊನ್ನಾಳಿ ಕಡೆಯ ಮದುವೆಗಳಲ್ಲಿ ನಲವತ್ತು ವರ್ಷ ಡೋಲು ಬಾರಿಸಿದ. ಅದರ ಸದ್ದು ಎಲ್ಲೂ ಉಳಿದಿಲ್ಲ. ಮದುವೆ ವಿಡಿಯೋ ಮಾಡುವ ಮಹಾನುಭಾವರು ವಾಲಗವನ್ನು ಅಳಿಸಿ ಸಿನಿಮಾ ಹಾಡು ಮೆತ್ತುತ್ತಾರೆ. ನನ್ನ ಫೋನಿನಲ್ಲಿ ಹಿಡಿದರೆ ತಗಡು ಬಡಿದ ಹಾಗೆ ಕೇಳುತ್ತಿತ್ತು. "ಮೊಮ್ಮಕ್ಳಿಗೆ ಕೇಳ್ಸಾಕೆ ನಂದು ಒಂದಾದ್ರೂ ಇರ್ಬೇಕಲ್ಲೋ" ಎನ್ನುತ್ತಿದ್ದ ಅಪ್ಪ.

ಹೀಗಿರುವಾಗ ಸಂಗೀತ ಸಂಯೋಜಕರೊಬ್ಬರು ನಮ್ಮೂರು ಸಾಸ್ವೆಹಳ್ಳಿಗೆ ದಯಮಾಡಿಸಿದರು. ಹೆಗಲಲ್ಲಿ ಖಾದಿ ಚೀಲ, ಬಾಯಲ್ಲಿ 'ಮಣ್ಣಿನ ನಾದ' ಎಂಬ ಮಾತು. ನಮ್ಮ ಮದುವೆಗಳ ಬಗ್ಗೆ ವಿದೇಶಿ ಆರ್ಕೆಸ್ಟ್ರಾಕ್ಕೆ ಹೊಸ ಕೃತಿ ಬರೆದಿದ್ದರಂತೆ, ಅದರ ರೆಕಾರ್ಡಿಂಗಿಗೆ ಅಪ್ಪನ ಡೋಲು ಬೇಕಂತೆ. ಅಪ್ಪ ಹಿಗ್ಗಿ ಹೀರೇಕಾಯಿಯಾದ.

ಸಮುದಾಯ ಭವನದ ಕಿಟಕಿ ಮುಚ್ಚಿ ಮೈಕಿಟ್ಟರು. ಅಪ್ಪ ಬಾರಿಸಿದ. ಸಾಕೆನಿಸಿದಾಗ ಸಾಹೇಬರು ಕೈ ಎತ್ತಿದರು. ಅಯ್ಯೋ ಪುಣ್ಯಾತ್ಮ! ಮದುವೆಯ ಬಗ್ಗೆ ಬರೆದವರಿಗೆ ಇಷ್ಟೂ ಗೊತ್ತಿರಬಾರದೇ? ಪುರೋಹಿತರು ಕೈ ಎತ್ತಿದರೆ ತಾಳಿ ಕಟ್ಟುವ ಹೊತ್ತು. ಯಾರ ಸೀನೂ ಕೇಳಿಸದಂತೆ ಗಟ್ಟಿಮೇಳ ಮೊಳಗಬೇಕು, ಕೈ ಇಳಿಯುವವರೆಗೆ ನಿಲ್ಲಿಸುವಂತಿಲ್ಲ. ಅಪ್ಪ ಜೋರು ಮಾಡಿದ. ಅವರು ಎರಡೂ ಕೈ ಎತ್ತಿ ಬೀಸಿದರು. ಅಪ್ಪ ಇನ್ನೂ ಜೋರು ಮಾಡಿದ.

"ಕೈ ಇಳಿಸ್ರೀ ಸಾರ್, ಇಲ್ದಿದ್ರೆ ಸಂಜೆತನ್ಕ ಬಿಡಲ್ಲ!" ಎಂದು ನಾನು ಕೂಗಿದೆ.

ಇಳಿಸಿದರು. "ಅದ್ಭುತ! ಈ ಆವೇಶವೇ ನನಗೆ ಬೇಕಿತ್ತು" ಎಂದರು, ತಾವೇ ಹೇಳಿಕೊಟ್ಟವರ ಹಾಗೆ.

ಈ ವರ್ಷ ರೆಕಾರ್ಡಿಂಗ್ ಹೊರಬಂತು. ಅಷ್ಟರಲ್ಲಿ ಕೈ ಸೋತು ಅಪ್ಪ ಡೋಲು ಬಿಟ್ಟಿದ್ದ. ನ್ಯಾಮತಿಯಲ್ಲಿರುವ ತಂಗಿಯ ಮನೆಯಲ್ಲಿ ಎಲ್ಲರೂ ಕೂತು ಕೇಳಿದೆವು. ಮೊದಲ ಇಪ್ಪತ್ತು ನಿಮಿಷ ಪಿಟೀಲುಗಳು ನರಳಿದವು. "ಹೆಣ್ಣು ಒಪ್ಪಿಸೋ ಹೊತ್ನಾಗೂ ಇಷ್ಟು ಅಳಲ್ಲ ಬಿಡ್ರಿ" ಎಂದ ಅಪ್ಪ. ಆಮೇಲೆ ಡೋಲು ಬಂತು. ತಂಗಿಯ ಮಗಳು "ತಾತ, ನಿಂದು!" ಎಂದು ಚಪ್ಪಾಳೆ ತಟ್ಟಿದಳು. ಅಪ್ಪ ಸ್ವಲ್ಪ ಹೊತ್ತು ಕೇಳಿ, "ನಂದಲ್ಲ" ಎಂದ.

ನಾನು ಸಂಯೋಜಕರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರಿಗೋ ಸಂಭ್ರಮ. ಅಪ್ಪನ ಒಂದೊಂದು ಪೆಟ್ಟನ್ನೂ ಬರೆದುಕೊಟ್ಟು ಆ ಆರ್ಕೆಸ್ಟ್ರಾದ ವಾದಕನ ಕೈಲಿ ನುಡಿಸಿಸಿದರಂತೆ. "ನಡುನಡುವೆ ಒಂದು ಪೆಟ್ಟು ತಡವಾಗಿ ಬೀಳುತ್ತಲ್ಲ, ಏನು ಸೊಗಸು! ಅದನ್ನ ಕಲಿಯೋಕೆ ಅವನಿಗೆ ಒಂದು ವಾರ ಹಿಡೀತು" ಎಂದರು. ನನಗೆ ಮೈಯೆಲ್ಲ ಉರಿಯಿತು.

ಅಪ್ಪ ತನ್ನ ಬಲಗೈ ಚಾಚಿದ. ಹಿಂದೊಮ್ಮೆ ಬಸ್ಸಿನ ಬಾಗಿಲಿಗೆ ಸಿಕ್ಕಿ ಆತನ ನಡುಬೆರಳು ಸೊಟ್ಟಗಾಗಿತ್ತು.

"ನನ್ನ ಬೆರಳು ಮುರಿದೈತೆ, ಅದಕ್ಕೆ ತಡ ಆಗ್ತಿತ್ತು" ಎಂದ. "ಅವನಿಗೇನಾಗಿತ್ತಂತೆ, ಕೇಳು."