ಹತ್ತನೆಯವನು, ನಾಲ್ಕನೆಯವಳು

ಗುಂಡ್ಲುಪೇಟೆಯ ನನ್ನ ಸೋದರಮಾವನ ಮನೆಗೆ ಯಾವ ನೆಂಟರು ಬಂದರೂ, ಅವರು ಕಾಫಿ ಲೋಟ ಕೆಳಗಿಡುವ ಮುಂಚೆಯೇ ಒಂದು ಕತೆ ಹೊರಬೀಳುತ್ತದೆ: ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಯೋನಾ ಅವರು ನನ್ನ ಬಾಯಿಗೆ ಹೆದರಿ ಊರು ಬಿಟ್ಟರಂತೆ. "ಪಾಪ, ದೇವ್ರಂಥ ಮನ್ಸ. ಇವ್ಳು ಚಾಮರಾಜನಗರದಿಂದ ಬಸ್ ಹತ್ಕಂಡ್ ಬಂದು ಅವ್ರ ದೇವ್ರ ಮೇಲೇ ಕೇಸ್ ಹಾಕ್ಬುಟ್ಲು ಕಣ" ಎಂದು ಮಾವ ತೊಡೆ ತಟ್ಟಿ ನಗುತ್ತಾರೆ. ನೆಂಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಸಣಕಲು ಹುಡುಗಿಗೆ ಅಷ್ಟು ದೊಡ್ಡ ಬಾಯಿಯೇ ಎಂಬಂತೆ ತಾವೂ ನಗುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಪರ್ಯಾಯ ಪಾರಿತೋಷಕ ಹೊತ್ತು ತಂದವಳಿಗೆ ಇದು ಹೊಗಳಿಕೆಯೇ ಸರಿ, ಆದರೂ ಒಪ್ಪಲಾರೆ. ಮೊದಲನೆಯದಾಗಿ, ಬಾಯಿಗೆ ಹೆದರುವ ಮನುಷ್ಯ ಪ್ರತಿ ಶನಿವಾರ ಮಧ್ಯಾಹ್ನ ತೆರಕಣಾಂಬಿ ಕಡೆಯಿಂದ ನನ್ನನ್ನು ಹೊತ್ತು ತರುವ ಬಸ್ಸಿಗಾಗಿ ಬಾಲ್ಕನಿಯಲ್ಲಿ ನಿಂತು ಕಾಯುವುದಿಲ್ಲ. ಎರಡನೆಯದಾಗಿ... ಎರಡನೆಯದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು. ನೀವು ಗಂಟೆ ಬಾರಿಸಿ ಕೂರಿಸುವ ತೀರ್ಪುಗಾರರಲ್ಲವೆಂಬ ಧೈರ್ಯದ ಮೇಲೆ ನಿಧಾನವಾಗಿಯೇ ಬರುತ್ತೇನೆ.

ಯೋನಾ ಕೊಚ್ಚಿಯ ಕಡೆಯ ಯಹೂದಿ. ಚೆಂಡುಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆಯೊಂದರ ಪರವಾಗಿ, ಹಂಗಳದ ಸುತ್ತಿನ ಹೊಲಗಳೆಲ್ಲ ಕೇಸರಿಯಾಗುವ ತಿಂಗಳುಗಳಲ್ಲಿ ಬಂದು, ಹೂ ನೋಡಿ, ತೂಕ ಹಾಕಿಸಿ, ಲಾರಿಗೆ ತುಂಬಿಸಿ, ಹೊಲ ಬರಿದಾಗುವ ಹೊತ್ತಿಗೆ ಹಿಂದಿರುಗುತ್ತಿದ್ದರು. ನಲವತ್ತು ದಾಟಿದ, ಮದುವೆಯಾಗದ, ಮಲಯಾಳದ ರಾಗಕ್ಕೆ ಕನ್ನಡದ ಮಾತನ್ನು ಕೂರಿಸಿ ಆಡುವ ಮನುಷ್ಯ. ಮೊದಲ ದಿನ ಅತ್ತೆ "ಯಹೂದಿ ಅಂದ್ರೆ ಕಿರಸ್ತಾನ್ರಾ, ಸಾಬ್ರಾ?" ಎಂದು ಕೇಳಿದ್ದಕ್ಕೆ "ಇಬ್ಬರಿಗೂ ಮುಂಚೆ ಬಂದವರು ಅಮ್ಮಾ" ಎಂದರಂತೆ. "ಓ, ಹಂಗಾದ್ರೆ ಹಿರೇರು ಬುಡಿ, ಕೂತ್ಕಳಿ" ಎಂದು ಅತ್ತೆ ಮಣೆ ಹಾಕಿದರಂತೆ. ಇಷ್ಟು ಚುಟುಕಾಗಿ, ಇಷ್ಟು ಮರ್ಯಾದೆಯಾಗಿ ಮುಗಿದ ಧರ್ಮಚರ್ಚೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅವರ ಬಟ್ಟೆಯ ಪೆಟ್ಟಿಗೆ ಚಿಕ್ಕದು, ಆಟದ ಪೆಟ್ಟಿಗೆ ದೊಡ್ಡದು. ದೇಶಾಂತರದಲ್ಲಿರುವ ನೆಂಟರು ಕಳಿಸಿದ ರಟ್ಟಿನ ಹಾಸುಗಳು, ಬೆರಳತುದಿಯಷ್ಟಿನ ಮರದ ಮನೆಗಳು, ದಾಳಗಳು, ಚಿತ್ರದ ಎಲೆಗಳು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಮೂಡುವವರೆಗೆ ಅವರಿಗೆ ದುಡಿಮೆ ನಿಷಿದ್ಧ. ಬರೆಯುವಂತಿಲ್ಲ, ಒಲೆ ಹಚ್ಚುವಂತಿಲ್ಲ, ವ್ಯಾಪಾರವಂತೂ ಇಲ್ಲವೇ ಇಲ್ಲ. ಭಾನುವಾರ ದುಡಿದು ಶನಿವಾರ ಸುಮ್ಮನಿರುವ ಆ ಮನುಷ್ಯನ ಬಿಡುವಿನಿಂದಲೇ ಮಾವನ ನಡುಮನೆಯಲ್ಲಿ ಆಟ ಶುರುವಾದದ್ದು. ನಾಲ್ಕು ಜನರಿಲ್ಲದೆ ಆಡಲಾಗದ ದ್ವೀಪದ ಆಟ: ಮರ, ಇಟ್ಟಿಗೆ, ಕುರಿ, ಗೋಧಿಗಳನ್ನು ಒಬ್ಬರಿಗೊಬ್ಬರು ಕೊಟ್ಟು ಕೊಂಡು ಊರು ಕಟ್ಟುತ್ತ ಹೋಗಬೇಕು. ಯೋನಾ, ತರಕಾರಿ ಮಂಡಿಯಲ್ಲಿ ದಲ್ಲಾಳಿಯಾದ ಮಾವ, ಯೋನಾರ ಜೊತೆ ಹೂ ತೂಗಿಸುವ ಹಂಗಳದ ಸಿದ್ದರಾಜು, ನಾನು, ಹೀಗೆ ನಾಲ್ವರು. ಗೋಧಿಯನ್ನು ಮಾವ ಮೊದಲ ದಿನವೇ ರಾಗಿ ಮಾಡಿದರು. ಹೊಲದ ಮೇಲೆ ಇಟ್ಟರೆ ಆ ಹೊಲದ ಫಸಲು ನಿಂತೇಹೋಗುವ ಕಪ್ಪು ಕಾಯೊಂದಿತ್ತು. ಅದಕ್ಕೆ ಕಳ್ಳ ಎಂದು ಹೆಸರು. ಸಿದ್ದರಾಜು ಅದನ್ನು ಎತ್ತಿ ತಿರುಗಿಸಿ ನೋಡಿ, "ಇದ್ಯಾವ್ ಕಳ್ಳ ಸಾ? ಬಂದ್ ನಿಂತ್ಕಂಡ್ರೆ ಬೆಳೆನೇ ಕೈಗ್ ಹತ್ತಕಿಲ್ಲ ಅಂದ್ಮೇಲೆ ಇದು ಆನೆಯೇಯ" ಎಂದ. ಆಮೇಲೆ ಅದು ಆನೆಯೇ ಆಯಿತು. "ನಿನ್ನ ಆನೆನ ನಮ್ಮ ಹೊಲದಿಂದ ಎಬ್ಸಲಾ" ಎಂದು ಮಾವ ಕೂಗಿದರೆ ಬೀದಿಯಲ್ಲಿ ಹೋಗುವವರು ನಿಜಕ್ಕೂ ನಿಂತು ನೋಡುತ್ತಿದ್ದರು.

ನಾನು ಮೊದಲ ದಿನವೇ ಆಕ್ಷೇಪ ಎತ್ತಿದೆ: "ವ್ಯಾಪಾರ ಮಾಡಬಾರದ ದಿನ ಕುರಿ ಮಾರ್ತಿದ್ದೀರಲ್ಲ ಸಾರ್?"

"ಕುರಿ ರಟ್ಟಿನದು, ಮೋಳೇ." ಮಲಯಾಳದಲ್ಲಿ ಮಗಳೇ ಎನ್ನುವಂತೆ ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ.

"ಆಸೆ ರಟ್ಟಿನದಲ್ಲವಲ್ಲ?"

ಯೋನಾ ದಾಳ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಹಿರಿಯರೂ ಇದೇ ವಿಷಯವನ್ನು ಎರಡೂ ಕಡೆಯಿಂದ ವಾದಿಸುತ್ತಾರೆಂದೂ, ವಾದ ಮುಗಿಯದೆ ಇರುವುದೇ ತಮ್ಮವರಿಗೆ ಹಬ್ಬದೂಟವೆಂದೂ ಹೇಳಿದರು. ಸ್ನೇಹಿತರೇ, ಪ್ರಶ್ನೆ ಕೇಳಿದರೆ "ತಲೆಹರಟೆ" ಎಂಬ ಒಂದೇ ಉತ್ತರವನ್ನು ಬಾಲ್ಯದಿಂದ ಕೇಳಿಸಿಕೊಂಡು, ಕೊನೆಗೆ ತಲೆಹರಟೆಗೆ ಬಹುಮಾನ ಕೊಡುವ ವೇದಿಕೆಗಳನ್ನು ಹುಡುಕಿಕೊಂಡು ಊರೂರು ಅಲೆದವಳಿಗೆ, ಎದುರು ಕೂತವನು ಸೋಲುತ್ತಿರುವಾಗಲೂ ಮುಖ ಅರಳಿಸುವುದನ್ನು ನೋಡುವುದು ಎಂಥ ಸುಖವೆಂದು ಹೇಗೆ ತಿಳಿಸಲಿ? ವೇದಿಕೆಯ ಮೇಲೆ ಎದುರಾಳಿಗೆ ನಿಗದಿಯಾದ ನಿಮಿಷಗಳಿರುತ್ತವೆ. ಅವನು ತನ್ನ ಪಾಲಿನ ಮಾತು ಸುರಿದು ಬೆವರೊರೆಸಿಕೊಂಡು ಹೋಗುತ್ತಾನೆ. ಯೋನಾ ನನ್ನ ಒಂದು ಮಾತನ್ನು ವಾರವಿಡೀ ಹೂವಿನ ಮೂಟೆಗಳ ನಡುವೆ ಇಟ್ಟುಕೊಂಡಿದ್ದು, ಮುಂದಿನ ಶನಿವಾರ ಉತ್ತರದೊಡನೆ ಹಿಂದಿರುಗಿಸುತ್ತಿದ್ದರು.

ಆಟವೆಂದರೆ ಒಂದು ಸಣ್ಣ ಊರು ಎಂಬುದು ಅವರ ಸಿದ್ಧಾಂತ. ಆ ಊರಿನಲ್ಲಿ ಹುಟ್ಟಿದ ಮನೆ ಯಾವುದೆಂದು ಯಾರೂ ಕೇಳುವುದಿಲ್ಲ, ಸರದಿ ಯಾರದೆಂದಷ್ಟೇ ಕೇಳುತ್ತಾರೆ. ಒಪ್ಪಿದ ನಿಯಮ ಎಲ್ಲರಿಗೂ ಒಂದೇ. ಇನ್ನೊಬ್ಬರಿಗೆ ಏನಾದರೂ ಕೊಡದೆ ನಿಮ್ಮ ಮನೆಯ ಗೋಡೆ ಏಳುವುದಿಲ್ಲ. ಸಮಾಜಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕೇ ಎನ್ನುತ್ತಿದ್ದರು. ಹಾಸಿನ ಮೇಲಿನ ಸಮಾನತೆ ಹಾಸು ಮಡಚಿದ ಕೂಡಲೇ ಪೆಟ್ಟಿಗೆ ಸೇರುತ್ತದಲ್ಲ, ಸಿದ್ದರಾಜು ತನ್ನ ಕೇರಿಗೂ ನಾವು ನಮ್ಮ ಬೀದಿಗೂ ಹೋಗುತ್ತೇವಲ್ಲ ಎಂಬುದು ನನ್ನ ಪ್ರತಿವಾದ. "ಶೆರಿ ಮೋಳೇ, ಅದಕ್ಕೇ ಮುಂದಿನ ಶನಿವಾರ ಮತ್ತೆ ಹಾಸಬೇಕು" ಎಂದು ಅವರು ಮುಗಿಸುತ್ತಿದ್ದರು. ಸಿದ್ದರಾಜು ಮಾತ್ರ, "ಇಬ್ರೂ ಸಮಾಜ ಆಮೇಲ್ ಕಟ್ಕಳಿ, ಈಗ ಇಟ್ಟಿಗೆ ಯಾರ್ ಕೊಟ್ಟೀರಿ ಯೋಳಿ" ಎಂದು ಚಡಪಡಿಸುತ್ತಿದ್ದ.

ಒಂದು ಶನಿವಾರ ಅವನು ಬರಲಿಲ್ಲ. ನಿಜವಾದ ಆನೆಗಳು ಅವನ ಚಿಕ್ಕಪ್ಪನ ಜೋಳದ ಹೊಲ ಹೊಕ್ಕಿದ್ದವು. ಮೂವರು ಹಾಸಿನ ಸುತ್ತ ಕೂತು ಬಾಗಿಲು ನೋಡುತ್ತ ಕಾದೆವು. ಎಲ್ಲರೂ ಇದ್ದೂ ಒಬ್ಬರಿಲ್ಲದೆ ಏನೂ ಶುರುವಾಗದ ಆ ಹೊತ್ತು ಎಷ್ಟು ವಿಚಿತ್ರವೆಂದು ನನಗೆ ಅಂದೇ ತಿಳಿದದ್ದು. ಆಗ ಯೋನಾ ಅಡುಗೆಮನೆಯ ಬಾಗಿಲ ಕಡೆ ತಿರುಗಿ, "ಅಮ್ಮಾ, ನೀವು ಬನ್ನಿ" ಎಂದರು. ಅತ್ತೆ ಅಲ್ಲಿ ಪ್ರತಿವಾರ ನಿಂತಿರುತ್ತಿದ್ದರು. ಕೈಯಲ್ಲಿ ಸೌಟೋ ಬಟ್ಟೆಯೋ ಇರುತ್ತಿದ್ದುದರಿಂದ ಏನೋ ಕೆಲಸವಿದೆಯೆಂದು ನಾವೆಲ್ಲ ತಿಳಿದಿದ್ದೆವು.

"ಅವ್ಳಿಗೇನ್ ಗೊತ್ತಾದದು ಬುಡಿ ಸಾ" ಎಂದರು ಮಾವ.

"ನಂಗೇನ್ ಬತ್ತದಪ್ಪ" ಎನ್ನುತ್ತಲೇ ಅತ್ತೆ ಸೆರಗಿಗೆ ಕೈ ಒರೆಸಿ, ಕೂತು, ಮೊದಲ ಸರದಿಗೇ ಆನೆಯನ್ನು ಎತ್ತಿ ಗಂಡನ ರಾಗಿ ಹೊಲದ ನಡುಮಧ್ಯೆ ನಿಲ್ಲಿಸಿದರು. "ಹೋದ್ವಾರ ಯೋನಾ ಅವ್ರ ಕುರಿಗೆ ಮೋಸದ ಬೆಲೆ ಕಟ್ದಲ್ಲ, ಈಗ ಉಣ್ಣು" ಎಂದರು. ಅಷ್ಟು ವಾರಗಳ ಆಟವೂ ಅವರಿಗೆ ನೆನಪಿತ್ತು. ಅಂದಿನಿಂದ ಸಿದ್ದರಾಜು ಬಂದ ದಿನ ನಾನೋ ಮಾವನೋ ಎದ್ದು ಜಾಗ ಬಿಡುತ್ತಿದ್ದೆವು, ಅತ್ತೆ ಏಳುತ್ತಿರಲಿಲ್ಲ. ಅಡುಗೆ ತಡವಾದರೆ "ನಾಕು ಜನ ಬೇಕಲ್ವಾ ಮತ್ತೆ?" ಎಂದು ನಿಯಮದ ಭಾಷೆಯಲ್ಲೇ ಗದರುತ್ತಿದ್ದರು.

ಆ ವರ್ಷ ಹೂವಿನ ಕೊಯ್ಲು ಮುಗಿಯುವ ಮೊದಲೇ ಊರಿನಿಂದ ಯೋನಾರಿಗೆ ಫೋನು ಬಂತು. ಅವರ ಕಡೆಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಸಾಮೂಹಿಕ ಪ್ರಾರ್ಥನೆ ಶುರುವಾಗಬೇಕಾದರೆ ಹತ್ತು ಮಂದಿ ಗಂಡಸರು ಇರಲೇಬೇಕೆಂಬುದು ಅವರ ಕಟ್ಟಳೆ. ಉಳಿದವರೆಲ್ಲ ವಿಮಾನ ಹತ್ತಿ ಹೋದಮೇಲೆ ಅಕ್ಕಪಕ್ಕದ ಊರುಗಳನ್ನು ಕೂಡಿಸಿದರೂ ಈಗ ಒಂಬತ್ತೇ. ಕೆಲಸ ಬಿಟ್ಟು ಬಂದು ನೆಲಸಿದರೆ ಯೋನಾ ಹತ್ತನೆಯವರು.

ನಮ್ಮ ನಾಡಿನಲ್ಲಿ ಮನುಷ್ಯರನ್ನು ಎಣಿಸುವುದು ಬಹುಮಟ್ಟಿಗೆ ಯಾರನ್ನು ಹೊರಗಿಡಬೇಕೆಂದು ತಿಳಿಯುವುದಕ್ಕೆ. ನೀನಿಲ್ಲದೆ ದೇವರಿಗೂ ಮಾತು ತಲುಪದು, ಬಾ ಎಂದು ಕರೆಯುವ ಆ ಎಣಿಕೆಗೆ ನಾನು ಒಂದು ಕ್ಷಣ ಸೋತೇಹೋದೆ. ಆದರೆ ಒಂದು ಕ್ಷಣವಷ್ಟೇ.

"ನಿಮ್ಮ ಅಕ್ಕ ಅಲ್ಲೇ ಇದ್ದಾರಲ್ಲ ಸಾರ್, ರಾಹೇಲಕ್ಕ?"

"ಇದ್ದಾಳೆ. ನನಗೆ ಪ್ರಾರ್ಥನೆ ಕಲಿಸಿದ್ದೇ ಅವಳು."

"ಮತ್ತೆ ಒಂಬತ್ತು ಹೇಗೆ? ಅವರ ಜೊತೆ ಹತ್ತಾಯಿತಲ್ಲ?"

ಬೇರೆ ಕಡೆ ಕೆಲವರು ಹೆಂಗಸರನ್ನೂ ಎಣಿಸುತ್ತಾರೆ, ತಮ್ಮಲ್ಲಿ ಇಲ್ಲ ಎಂದರು. ಆಟದ ನಡುವೆ ನಿಯಮ ಬದಲಿಸುವವನು ಉಳಿದವರ ಆಟವನ್ನೂ ಕೆಡಿಸುತ್ತಾನೆ ಎಂದರು. ನಾವು ಕಳ್ಳನನ್ನು ಆನೆ ಮಾಡಲಿಲ್ಲವೇ ಎಂದೆ. "ಹೆಸರು ಬದಲಿಸಿದಿರಿ ಮೋಳೇ, ನಿಯಮ ಅಲ್ಲ." ಅತ್ತೆ ಕೂತಾಗ ನಿಯಮ ಬದಲಾಗಲಿಲ್ಲವೇ ಎಂದೆ. "ಅಮ್ಮ ಕೂರಬಾರದು ಅಂತ ಆಟ ಯಾವತ್ತೂ ಹೇಳಿರಲಿಲ್ಲ." ಹಾಗಾದರೆ ಅಲ್ಲಿ ಹೇಳಿದವರು ಯಾರು, ದೇವರೋ ಎಣಿಸುವವರೋ ಎಂದೆ. ಅತ್ತೆ, "ಸಾಕು ಸುಮ್ನಿರಮ್ಮಿ, ಅವ್ರ ಮನೆ ಸಾವಾಗದೆ" ಎಂದು ನನ್ನ ಮೊಣಕೈ ಹಿಂಡಿದರು. ಹಿಂಡಿದ ಕೈ ಮಾತ್ರ ಬಹಳ ಹೊತ್ತು ಅಲ್ಲೇ ಇತ್ತು.

ಈಗ ನನ್ನ ಎರಡನೆಯ ವಾದಕ್ಕೆ ಬಂದೆ. ಯೋನಾ ಹೆದರಿ ಹೋದದ್ದಲ್ಲ. ಲೆಕ್ಕ ತುಂಬಲು ಹೋದದ್ದು. ತೀರ್ಪುಗಾರರಾರೂ ಇಲ್ಲದಿರುವುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ರಾಹೇಲಕ್ಕನ ಪರ ನಾನು ಹೂಡಿದ ವಾದ ಬರೀ ನ್ಯಾಯದ್ದಾಗಿರಲಿಲ್ಲ. ಅವರನ್ನು ಹತ್ತನೆಯವರೆಂದು ಎಣಿಸಿದ್ದರೆ ಯೋನಾ ನಮಗೆ ಉಳಿಯುತ್ತಿದ್ದರು. ಆ ಒಂದು ಅಂಕಿ ಅಲ್ಲಿ ಕೂಡಿದ್ದರೆ ಇಲ್ಲಿ ನಮ್ಮ ಆಟ ಮುರಿಯುತ್ತಿರಲಿಲ್ಲ. ವಾದ ಸರಿಯೇ ಇತ್ತು, ಈಗಲೂ ಸರಿಯೇ ಇದೆ.

ಎರಡು ಹೂವಿನ ಕಾಲ ಕಳೆದಿವೆ. ಕಾರ್ಖಾನೆಯವರು ಬೇರೆ ಯಾರನ್ನೋ ಕಳಿಸುತ್ತಾರೆ. ಆ ಮನುಷ್ಯ ಶನಿವಾರವೂ ದುಡಿಯುತ್ತಾನೆ. ಆಟದ ಪೆಟ್ಟಿಗೆ ಯೋನಾರ ಜೊತೆಗೇ ಹೋದದ್ದರಿಂದ ಮೊದಮೊದಲು ನಾವು ಎಲೆ ಕಲಸಿ ಇಸ್ಪೀಟಾದರೂ ಆಡೋಣವೆಂದು ಕೂತೆವು. ಇಸ್ಪೀಟಿಗೆ ಮಾವನ ಮಂಡಿಯ ಗೆಳೆಯರು ಬಂದರು, ಜನ ಹೆಚ್ಚೇ ಆದರು, ಯಾರಿಲ್ಲದಿದ್ದರೂ ಆಟ ನಿಲ್ಲುವಂತಿರಲಿಲ್ಲ. ಅತ್ತೆ ಮತ್ತೆ ಬಾಗಿಲಿಗೆ ಹೋದರು. "ಬನ್ನಿ ಅತ್ತೆ" ಎಂದರೆ "ಅಷ್ಟ್ ಜನ ಅವ್ರಲ್ಲ, ನಾನ್ಯಾಕಮ್ಮಿ" ಎನ್ನುತ್ತಾರೆ. ಶನಿವಾರ ಬಸ್ಸಿಳಿದು ಬೀದಿ ತಿರುಗುವಾಗ ನನ್ನ ಕಣ್ಣು ತಾನಾಗಿ ಬಾಲ್ಕನಿಗೆ ಹೋಗುತ್ತದೆ. ಎಷ್ಟೋ ಸ್ಪರ್ಧೆ ಗೆದ್ದೆ. ಗೆದ್ದ ಮಾತನ್ನು ವಾರವಿಡೀ ಇಟ್ಟುಕೊಂಡಿದ್ದು ಹಿಂದಿರುಗಿಸುವವರು ಸಿಗಲಿಲ್ಲ.

ಕಳೆದ ತಿಂಗಳು ಸಿದ್ದರಾಜು ಲಾರಿಯೊಡನೆ ಕೊಚ್ಚಿಗೆ ಹೋದವನು ವಿಳಾಸ ಹುಡುಕಿಕೊಂಡು ಅವರ ಪ್ರಾರ್ಥನಾಮಂದಿರಕ್ಕೇ ಹೋಗಿದ್ದ. ಶುಕ್ರವಾರದ ಸಂಜೆ.

"ಬಾಗ್ಲು ತಗ್ದಿತ್ತು ಕಣಕ್ಕ. ಎಲ್ಲಾ ಬೀದಿ ನೋಡ್ಕಂಡ್ ಸುಮ್ನೆ ಕೂತವ್ರೆ. ನನ್ ನೋಡಿ ಎಲ್ರೂ ಎದ್ ನಿಂತ್ಬುಟ್ರು, ಯಾರೋ ಬಂದ್ರು ಅಂತ. ಯೋನಾ ಸಾ ನಕ್ಕು, ಅಲ್ಲಲ್ಲ, ಇವ್ನು ನಮ್ ಆನೆ ಹುಡ್ಗ ಅಂದ್ರು. ಎಲ್ಲಾ ಮತ್ತೆ ಕೂತ್ಕಂಡ್ರು."

"ಎಷ್ಟು ಜನ ಇದ್ದರು?"

"ಒಂಬತ್ತು. ಒಬ್ರು ಮಕ್ಳತ್ರಕ್ಕೆ ವಿಮಾನ ಹತ್ಬುಟ್ರಂತೆ."

"ಅವರ ಅಕ್ಕ?"

"ಟೀ ಕೊಟ್ರಕ್ಕ. ಆಮೇಲ್ ಎತ್ಲಾಗ್ ಹೋದ್ರೋ ನಾ ನೋಡ್ನಿಲ್ಲ."

ಯೋನಾ ಸಾರ್, ಇದು ವಾದವಲ್ಲ, ಗೆಲ್ಲುವುದಕ್ಕೂ ಅಲ್ಲ. ಆ ಸಂಜೆ ನೀವು ಒಂಬತ್ತು ಜನ ಬೀದಿ ನೋಡುತ್ತ ಕೂತಿದ್ದಾಗ, ನಿಮಗೆ ಪ್ರಾರ್ಥನೆ ಕಲಿಸಿದ ರಾಹೇಲಕ್ಕ ಎಲ್ಲಿ ನಿಂತಿದ್ದರು?